ಹೂಳಿನ ಅಳತೆ

ದೋಣಿಯವರ ಅಹವಾಲು ಕೇಳುವ ಸಭೆಯನ್ನು
ದೋಣಿ ಹೋಗಲಾರದ ಕಡೆ ಇಟ್ಟಿದ್ದರು:
ಗುಡ್ಡದ ಮೇಲೆ, ಚರ್ಚಿನ ಹಿಂದಿನ ಕೋಣೆಯಲ್ಲಿ,
ನವೆಂಬರಿನ ಸಂಜೆ, ಆರಕ್ಕೆ.

ಆದರೂ ಹೋದೆವು, ಹದಿನೇಳು ಜನ,
ಬೂಟಿನ ಕೆಸರು ಹುಲ್ಲಿಗೆ ಒರೆಸುತ್ತ,
ಕೈಯಲ್ಲಿ ಟಾರ್ಚು, ಮೈಗೆಲ್ಲ ಕಲ್ಲಿದ್ದಲ ಹೊಗೆ.
ಆಲ್ವಿನ್ ನಾಯಿಯನ್ನೂ ಕರೆತಂದಿದ್ದ.
ಅದಕ್ಕೆ ಅಹವಾಲಿರಲಿಲ್ಲ.

ವಿನಿಫ್ರೆಡ್ ಟಾಂಕ್ಸ್ ತಂದದ್ದು ಗಳ.
ದೋಣಿ ದೂಡುವ ಗಳ, ಎರಡಾಳುದ್ದ.
ಬಾಗಿಲಲ್ಲಿ ಓರೆ ಮಾಡಿ ಒಳಗೆ ತೂರಿಸಿದಾಗ
ದೀಪಕ್ಕೆ ತಾಗೀತೆಂದು ನಾವೆಲ್ಲ ತಲೆ ತಗ್ಗಿಸಿದೆವು,
ಪ್ರಾರ್ಥನೆಗೆ ಕೂತವರ ಹಾಗೆ.

ಕಾಲುವೆ ಕಚೇರಿಯ ಪ್ರೊಬರ್ಟ್
ಒಳ್ಳೆಯವನೇ. ಬಿಸ್ಕತ್ತು ತಂದಿದ್ದ.
ಗೋಡೆಯ ಮೇಲೆ ನಕ್ಷೆ ಮೂಡಿಸಿದ:
ನಮ್ಮ ಕಾಲುವೆ ಒಂದು ನೀಲಿ ಗೆರೆ,
ಅದರಲ್ಲಿ ಹೂಳಿಲ್ಲ, ಸೋರುವ ತೂಬಿಲ್ಲ,
ಮುಳುಗಿದ ಸೈಕಲ್ಲಿಲ್ಲ.
'ತಲಾ ಮೂರು ನಿಮಿಷ' ಅಂದ.

ಮೂರು ನಿಮಿಷ!
ಗಂಟೆಗೆ ಮೂರು ಮೈಲಿ ಹೋಗುವವರು ನಾವು,
ಲಾಕು ತುಂಬಲು ಹತ್ತು ನಿಮಿಷ ಸುಮ್ಮನೆ ಕಾಯುವವರು.
ಅಷ್ಟರಲ್ಲಿ ನಮ್ಮ ಮಾತು ಗಂಟಲಿಗೆ ಏರುವುದಿಲ್ಲ,
ಕೆಳಗಿನ ಮಟ್ಟದಲ್ಲೇ ನಿಂತಿರುತ್ತದೆ
ಒದ್ದೆ ಬಾಗಿಲಿಗೆ ಮೂತಿ ತಾಗಿಸಿ.

ಆಲ್ವಿನ್ ನಲ್ಲಿಯ ಬಗ್ಗೆ ಹೇಳಿದ. ಜೂನಿನಿಂದ ಒಣಗಿದೆ,
ಕುಡಿಯುವ ನೀರಿಗೆ ಒಂದು ಹಗಲಿನ ಪ್ರಯಾಣ,
ಮನೆ ನೀರಿನ ಮೇಲೆ, ಕೆಟಲಿನಲ್ಲಿ ನೀರಿಲ್ಲ.
ಟಾಮ್ಸಿನ್ ಎದ್ದಳು: ಹದಿನಾಲ್ಕು ದಿನಕ್ಕೊಮ್ಮೆ
ದೋಣಿ ಜಾಗ ಬಿಡಬೇಕು, ಸರಿ,
ಮಗನ ಶಾಲೆ ಜಾಗ ಬಿಡುವುದಿಲ್ಲವಲ್ಲ...
ಗಡಿಯಾರ ಕಿರುಚಿತು, ಅವಳು ಕೂತಳು.
ನಾನು ಪರವಾನಗಿ ಶುಲ್ಕದ ಬಗ್ಗೆ ಬರೆದಿಟ್ಟ ಚೀಟಿಯಲ್ಲಿ
ಬೆಳಿಗ್ಗೆ ಒಲೆ ಹೊತ್ತಿಸಿದ್ದೆ, ಅಲ್ಲೇ ನೆನಪಾಯಿತು.
ಏನೋ ಹೇಳಿದೆ. ಕೂಗಾಡಿದೆನಂತೆ.

'ದಾಖಲಿಸಿಕೊಂಡಿದ್ದೇವೆ' ಅಂದ ಪ್ರೊಬರ್ಟ್ ಪ್ರತಿ ಸಲ.
ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಕೊನೆಗೆ ವಿನಿಫ್ರೆಡ್.
ಬಿಸ್ಕತ್ತಿನ ತಟ್ಟೆ ಸರಿಸಿ
ಗಳವನ್ನು ಮೇಜಿನ ಮೇಲೆ ಮಲಗಿಸಿದಳು.
ಬುಡದ ಕಡೆ ಸಾಲುಸಾಲಾಗಿ ಚಾಕುವಿನ ಕಚ್ಚು.

'ಒಂಬತ್ತನೇ ಸೇತುವೆಯ ಕೆಳಗೆ, ನಟ್ಟನಡುವೆ,
ಪ್ರತಿ ಈಸ್ಟರಿಗೆ ಒಂದು.
ಇದು ರೆಜಿನಾಲ್ಡ್ ತೀರಿಕೊಂಡ ವರ್ಷ, ನೀರು ನನ್ನ ಎದೆಮಟ್ಟ.
ಇದು ಕಾರ್ಖಾನೆ ಮುಚ್ಚಿದ್ದು. ಸೊಂಟ.
ಇದು ಈ ವರ್ಷದ್ದು.'
ಬಗ್ಗಿ ತನ್ನ ಮೊಣಕಾಲು ತಟ್ಟಿ ತೋರಿಸಿದಳು.
ಇನ್ನೂ ಎರಡು ನಿಮಿಷ ಉಳಿದಿತ್ತು.

ಪ್ರೊಬರ್ಟ್ ಬೆರಳಿಟ್ಟು ಎಣಿಸಿದ. ಇಪ್ಪತ್ತಮೂರು.
ಅರ್ಜಿಯ ನಮೂನೆ ತಿರುವಿ ನೋಡಿದ,
ಗಳಕ್ಕೆ ಅದರಲ್ಲಿ ಕಾಲಮ್ಮಿರಲಿಲ್ಲ.
'ಇದನ್ನು ಕಚೇರಿಗೆ ಒಯ್ಯಬಹುದೇ?'
'ಆಗದು. ಸಿಕ್ಕಿಬಿದ್ದಾಗ ನನಗೆ ಬೇಕು.
ನೀನೇ ಬಾ.'

ಬಂದ. ಜನವರಿಯ ಶನಿವಾರ, ಯಾರದೋ ಬೂಟು ತೊಟ್ಟು.
ಒಂಬತ್ತನೇ ಸೇತುವೆಯ ಕೆಳಗೆ ದೋಣಿ
ಕೆಸರಿನಲ್ಲಿ ಎಮ್ಮೆ ಕೂತ ಹಾಗೆ ಕೂತಿತು.
ಅವಳು ಎಂಜಿನ್ ಆರಿಸಿ, ಮಾತಾಡದೆ, ಗಳ ಕೊಟ್ಟಳು.
ಅವನು ಊರಿದ. ಇಳಿಯಿತು, ಇನ್ನೂ ಇಳಿಯಿತು,
ಕಪ್ಪು ಗುಳ್ಳೆಗಳು ಎದ್ದು ಒಡೆದವು,
ಎಷ್ಟೋ ಚಳಿಗಾಲದ ಎಲೆ ಕೊಳೆತ ವಾಸನೆ.
ನಲವತ್ತು ನಿಮಿಷ.
ಅಂಗೈ ಬೊಬ್ಬೆ ಬಂದ ಮೇಲೆ ದೋಣಿ ಅಲ್ಲಾಡಿತು.
ಅವಳು ಟೀ ಕೊಟ್ಟಳು, ಸಕ್ಕರೆ ಕೇಳದೆ ಹಾಕಿ.

ಹೂಳೆತ್ತುವ ಯಂತ್ರ ಇನ್ನೂ ಬಂದಿಲ್ಲ.
ನಲ್ಲಿ ರಿಪೇರಿಯಾಯಿತು, ಯಾರೂ ಕೇಳದ ಎದುರು ದಂಡೆಯದು.
ಟಾಮ್ಸಿನ್ನಳ ಮಗ ಕತ್ತಲಲ್ಲೇ ಎದ್ದು ಸೈಕಲ್ ಹತ್ತುತ್ತಾನೆ.
ಕಚೇರಿಯಿಂದ ಕಾಗದ ಬಂತು: 'ಪರಿಶೀಲನೆಯಲ್ಲಿದೆ.'
ಅದರ ಕೆಳಗೆ, ಅಚ್ಚಾಗದ ಅಕ್ಷರದಲ್ಲಿ, ಸೊಟ್ಟಗೆ:
'ಈಸ್ಟರಿಗೆ ಅಳೆಯುವಾಗ ಕರೆಯಿರಿ.'

ನಾಡಿದ್ದು ಈಸ್ಟರ್.
ಬರುತ್ತಾನೋ ಇಲ್ಲವೋ.
ವಿನಿಫ್ರೆಡ್ ಚಾಕು ಮಸೆದಿಟ್ಟಿದ್ದಾಳೆ.